ಕಡಲಾಮೆಯ ಗೂಡು ಕಾಯಲು ಹೊರಡುವ ಮುನ್ನ

ಕರ್ನಾಟಕದ ಕರಾವಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಗಳು ಬಹುಮಟ್ಟಿಗೆ ಆಲಿವ್ ರಿಡ್ಲೆ ಜಾತಿಯವು. ಒಡಿಶಾದ ಗಹಿರ್‌ಮಠ ಮತ್ತು ಋಷಿಕುಲ್ಯದಲ್ಲಿ ಇದೇ ಜಾತಿಯ ಆಮೆಗಳು ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ದಡ ಹತ್ತುತ್ತವೆ, ನಮ್ಮಲ್ಲಿ ಹಾಗಿಲ್ಲ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿ, ಮಂಗಳೂರಿನ ಸಸಿಹಿತ್ಲು ಮುಂತಾದ ಕಿನಾರೆಗಳಿಗೆ ಅವು ಒಂದೊಂದಾಗಿ, ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗಿನ ರಾತ್ರಿಗಳಲ್ಲಿ, ಯಾರ ಗಮನಕ್ಕೂ ಬಾರದಂತೆ ಬಂದು ಹೋಗುತ್ತವೆ. ಹೀಗಾಗಿ ಇಲ್ಲಿ ಒಂದು ಗೂಡು ನಾಯಿಯ ಪಾಲಾದರೆ ಆ ನಷ್ಟ ಚಿಕ್ಕದಲ್ಲ. ಈ ಗೂಡುಗಳನ್ನು ಕಾಯಲು ಸ್ವಯಂಸೇವಕರಾಗಿ ಹೋಗಬಯಸುವವರಿಗಾಗಿ, ಕೆಲವು ಹಂಗಾಮುಗಳಲ್ಲಿ ಕಿನಾರೆ ನಡೆದು ಕಲಿತದ್ದನ್ನು ಬರೆಯುತ್ತಿದ್ದೇನೆ. ಏನು ಮಾಡಬೇಕೆಂಬುದಕ್ಕಿಂತ ಎಲ್ಲಿ ಕೈ ಹಾಕಬಾರದೆಂಬುದೇ ಇದರಲ್ಲಿ ಹೆಚ್ಚಿದೆ, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಬಂದವರ ಅವಸರದಿಂದಲೂ ಗೂಡುಗಳು ಹಾಳಾಗುವುದುಂಟು.

ಮೊದಲು ಹೋಗಬೇಕಾದದ್ದು ಕಿನಾರೆಗಲ್ಲ, ಅರಣ್ಯ ಇಲಾಖೆಯ ಕಚೇರಿಗೆ. ಕಡಲಾಮೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಅದರ ಮೊಟ್ಟೆಯನ್ನು ಅನುಮತಿಯಿಲ್ಲದೆ ಮುಟ್ಟುವುದು, ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಅಪರಾಧವೇ ಆಗುತ್ತದೆ. ವಲಯ ಅರಣ್ಯಾಧಿಕಾರಿಯನ್ನು ಕಂಡು, ತಂಡದವರ ಹೆಸರು ಮತ್ತು ನಡೆಯುವ ದಿನಗಳನ್ನು ಬರೆದುಕೊಟ್ಟು, ಅವರ ಸಿಬ್ಬಂದಿಯ ಜೊತೆಗೇ ಕೆಲಸ ಆರಂಭಿಸಬೇಕು. ಅದಾದ ಮೇಲೆ ಆ ಊರಿನ ಮೀನುಗಾರರನ್ನು ಕಾಣಬೇಕು. ರಾತ್ರಿ ದೋಣಿ ಇಳಿಸುವವರು, ಬೆಳಗಿನ ಜಾವ ಬಲೆ ಎಳೆಯುವವರು ನಮಗಿಂತ ಎಷ್ಟೋ ಮೊದಲು ಆಮೆಯ ಜಾಡನ್ನು ನೋಡಿರುತ್ತಾರೆ. ಆಮೆಯನ್ನು ಕೂರ್ಮಾವತಾರವೆಂದು ಕಾಣುವ ಮನೆಗಳು ಕರಾವಳಿಯಲ್ಲಿ ಇಂದಿಗೂ ಅನೇಕ ಇವೆ. ಅಂಥ ಮನೆಯ ಹಿರಿಯರೊಬ್ಬರು 'ಇವರು ನಮ್ಮವರೇ' ಎಂದರೆ ಊರಿನಲ್ಲಿ ಅರ್ಧ ಕೆಲಸ ಆದಂತೆಯೇ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ವೆಳಾಸ್‌ನಲ್ಲಿ ಗೂಡು ಕಾಯುವ ಕೆಲಸ ನೆಲೆಯೂರಿರುವುದು ಅಲ್ಲಿನ ಹಳ್ಳಿಯವರೇ ಅದನ್ನು ತಮ್ಮದೆಂದು ಹಚ್ಚಿಕೊಂಡದ್ದರಿಂದ. ಹೊರಗಿನಿಂದ ಬಂದ ತಂಡ ಹಂಗಾಮು ಮುಗಿದ ಮೇಲೆ ಹೊರಟುಹೋಗುತ್ತದೆ, ಊರಿನವರು ಅಲ್ಲಿಯೇ ಇರುತ್ತಾರೆ.

ರಾತ್ರಿಯ ನಡಿಗೆಗೆ ನಾಲ್ಕೈದು ಮಂದಿಗಿಂತ ಹೆಚ್ಚಿನವರು ಬೇಡ. ಗಾಢ ಬಣ್ಣದ ಬಟ್ಟೆ ತೊಟ್ಟು, ಭರತದ ನೀರು ಬಂದು ನಿಂತ ಗೆರೆಯ ಗುಂಟ ಮಾತಿಲ್ಲದೆ ನಡೆಯಬೇಕು. ಬೆಳದಿಂಗಳಿದ್ದರೆ ಟಾರ್ಚ್ ಬೇಕಾಗುವುದಿಲ್ಲ. ಇಲ್ಲದಿದ್ದರೆ ಗಾಜಿಗೆ ಕೆಂಪು ಹಾಳೆ ಕಟ್ಟಿದ ಸಣ್ಣ ಟಾರ್ಚನ್ನು ನೆಲಕ್ಕೆ ಹಿಡಿದು, ಅಗತ್ಯವಿದ್ದಷ್ಟೇ ಬಳಸಬಹುದು. ಮೊಬೈಲಿನ ಬೆಳಕು ಮತ್ತು ಕ್ಯಾಮೆರಾದ ಫ್ಲ್ಯಾಶ್ ಖಂಡಿತ ಬೇಡ. ನೀರಿನಿಂದ ಮೇಲೇರಿದ ಆಮೆಗೆ ಬೆಳಕೋ ಅಲುಗಾಟವೋ ಕಂಡರೆ ಅದು ಮೊಟ್ಟೆಯಿಡದೆ ಹಿಂದಿರುಗುತ್ತದೆ.

ಜಾಡನ್ನು ಗುರುತಿಸುವುದು ಕಷ್ಟವಲ್ಲ. ಮರಳಿನಲ್ಲಿ ಮುಕ್ಕಾಲು ಮೀಟರಿನಷ್ಟು ಅಗಲದ ಪಟ್ಟಿ, ಅದರ ಎರಡು ಬದಿಗೂ ಒಂದರ ನಂತರ ಒಂದರಂತೆ ಎಡಬಲ ಬದಲಾಗುವ ಕಾಲಿನ ಗುರುತುಗಳು ಕಂಡರೆ ಅದು ಆಲಿವ್ ರಿಡ್ಲೆಯದು. ಎರಡೂ ಬದಿಯ ಗುರುತುಗಳು ಸರಿಜೋಡಿಯಾಗಿದ್ದು, ಪಟ್ಟಿ ಒಂದು ಮೀಟರಿನಷ್ಟು ಅಗಲವಿದ್ದರೆ ಅದು ಹಸಿರು ಕಡಲಾಮೆಯದಾಗಿರಬಹುದು. ಅಂಥದ್ದು ಕಂಡರೆ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು ಇಲಾಖೆಗೆ ತಿಳಿಸಬೇಕು. ಹತ್ತಿದ ಜಾಡು ಮತ್ತು ಇಳಿದ ಜಾಡು ಎರಡೂ ಇದ್ದರೆ ಆಮೆ ಹೋಗಿಯಾಗಿದೆ. ಒಂದೇ ಇದ್ದರೆ ಅದು ಇನ್ನೂ ಮೇಲೆ ಇದೆ, ಅಲ್ಲಿಯೇ ಕುಳಿತುಬಿಡಬೇಕು.

ಮೊಟ್ಟೆಯಿಡುವುದನ್ನು ನೋಡಿದವರಿಗೆ ತಾಳ್ಮೆ ತಾನಾಗಿಯೇ ಬರುತ್ತದೆ. ಆಮೆ ಮೊದಲು ಮೈಯಷ್ಟಗಲದ ಜಾಗವನ್ನು ಕೆದರಿ ಹಸನು ಮಾಡಿಕೊಳ್ಳುತ್ತದೆ. ಆಮೇಲೆ ಹಿಂಗಾಲುಗಳನ್ನು ಒಂದಾದ ಮೇಲೊಂದು ಇಳಿಬಿಟ್ಟು, ಅಂಗೈಯಲ್ಲಿ ತುಂಬಿಕೊಂಡಂತೆ ಮರಳನ್ನು ಎತ್ತಿ ಪಕ್ಕಕ್ಕೆ ಚೆಲ್ಲುತ್ತದೆ. ತಾನು ತೋಡುತ್ತಿರುವ ಕುಳಿಯನ್ನು ಅದು ಒಮ್ಮೆಯೂ ತಿರುಗಿ ನೋಡುವುದಿಲ್ಲ. ಮೊಳದಷ್ಟು ಆಳದ, ತಳದಲ್ಲಿ ಅಗಲವಾದ ಹೂಜಿಯಂಥ ಆ ಕುಳಿಯಲ್ಲಿ ಪಿಂಗ್‌ಪಾಂಗ್ ಚೆಂಡಿನ ಗಾತ್ರದ ಸುಮಾರು ನೂರು ಮೊಟ್ಟೆಗಳು ಬೀಳುತ್ತವೆ. ಎಲ್ಲ ಮುಗಿದ ಮೇಲೆ ಮರಳು ಮುಚ್ಚಿ, ಮೈಯನ್ನು ಎಡಕ್ಕೂ ಬಲಕ್ಕೂ ವಾಲಿಸುತ್ತ ಹೊಟ್ಟೆಯ ಚಿಪ್ಪಿನಿಂದ ನೆಲವನ್ನು ಗುದ್ದಿ ಗಟ್ಟಿ ಮಾಡುತ್ತದೆ. ಆ ದಪದಪ ಸದ್ದು ಸಮುದ್ರದ ಸದ್ದಿನ ನಡುವೆಯೂ ಕೇಳಿಸುತ್ತದೆ, ಕುಳಿತ ಜಾಗದ ಮರಳು ಅದುರುತ್ತದೆ. ಇಷ್ಟಕ್ಕೆ ಸುಮಾರು ಒಂದು ಗಂಟೆ ಬೇಕು. ಆಮೆಯ ಹಿಂಬದಿಗೆ ದೂರದಲ್ಲಿ ಕುಳಿತಿದ್ದು, ಅದು ನೀರಿಗಿಳಿದ ನಂತರವೇ ಏಳಬೇಕು. ಬೆನ್ನಿನ ಮೇಲೆ ಕೈಯಿಡುವುದು, ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದು ಯಾವ ಕಾರಣಕ್ಕೂ ಸಲ್ಲದು.

ಇನ್ನು ಗೂಡನ್ನು ಅಲ್ಲಿಯೇ ಬಿಡಬೇಕೋ ಬೇರೆಡೆಗೆ ಒಯ್ಯಬೇಕೋ ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಮೊದಲ ಉತ್ತರ ಯಾವಾಗಲೂ 'ಅಲ್ಲಿಯೇ ಬಿಡಿ' ಎಂಬುದೇ. ಭರತದ ಗೆರೆಗಿಂತ ಮೇಲಿರುವ, ವಾಹನ ಓಡಾಡದ ಜಾಗದ ಗೂಡಿಗೆ ಸುತ್ತಲೂ ಬಿದಿರಿನ ಗೂಟ ನೆಟ್ಟು ಬಲೆ ಕಟ್ಟಿದರೆ ನಾಯಿ ನರಿಗಳಿಂದ ಅದು ಉಳಿಯುತ್ತದೆ. ಗೂಡಿನ ಸ್ಥಳವನ್ನು ಬರೆದುಕೊಂಡ ಮೇಲೆ ತೆಂಗಿನ ಗರಿಯಿಂದ ಜಾಡನ್ನು ಗುಡಿಸಿ ಅಳಿಸಿಬಿಡಬೇಕು, ಮೊಟ್ಟೆ ಕದಿಯುವವರಿಗೆ ಅದು ದಾರಿ ತೋರಿಸದಿರಲಿ. ಕಿನಾರೆಯಲ್ಲಿ ಮೀನಿನ ತ್ಯಾಜ್ಯ ಬೀಳದಂತೆ ಊರಿನವರೊಡನೆ ಮಾತಾಡಿ ವ್ಯವಸ್ಥೆ ಮಾಡಿಕೊಂಡರೆ ನಾಯಿಗಳ ಕಾಟ ತಾನಾಗಿಯೇ ತಗ್ಗುತ್ತದೆ, ಇದನ್ನು ಯಾವ ಬೇಲಿಯೂ ಮಾಡಲಾರದು.

ಸಮುದ್ರ ಕೊರೆಯುತ್ತಿರುವ ದಡದಲ್ಲಿ, ಅಥವಾ ಭರತದ ನೀರು ಮುಟ್ಟುವಲ್ಲಿ ಗೂಡಿದ್ದರೆ ಮಾತ್ರ ಸ್ಥಳಾಂತರದ ಯೋಚನೆ ಬರಬೇಕು. ಅದನ್ನೂ ಅನುಮತಿಯುಳ್ಳ, ತರಬೇತಿ ಪಡೆದವರೇ ಮಾಡಬೇಕು. ಇಲ್ಲಿ ಸಮಯವೇ ಮುಖ್ಯ. ಮೊಟ್ಟೆಯಿಟ್ಟ ಕೆಲವು ಗಂಟೆಗಳಲ್ಲಿ ಒಳಗಿನ ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳಲು ತೊಡಗುತ್ತದೆ. ಆಮೇಲೆ ಮೊಟ್ಟೆಯನ್ನು ತಿರುಗಿಸಿದರೆ ಅಥವಾ ಕುಲುಕಿದರೆ ಅದು ಸಾಯುತ್ತದೆ. ಆದ್ದರಿಂದ ಸಾಧ್ಯವಾದಷ್ಟು ಬೇಗ, ಬಿಸಿಲೇರುವ ಮೊದಲೇ ಕೆಲಸ ಮುಗಿಯಬೇಕು. ಸೊಳ್ಳೆಯ ಮುಲಾಮು ಹಚ್ಚಿದ ಕೈ ಬೇಡ. ಪ್ರತಿ ಮೊಟ್ಟೆಯ ಮೇಲ್ಮುಖ ಮೇಲೆಯೇ ಇರುವಂತೆ ಎತ್ತಿ, ಅದೇ ಗೂಡಿನ ಹಸಿ ಮರಳು ಹಾಸಿದ ಬಕೆಟ್ಟಿನಲ್ಲಿ ಇಟ್ಟು, ಮೊದಲಿದ್ದಷ್ಟೇ ಆಳದ, ಅದೇ ಆಕಾರದ ಕುಳಿಗೆ ಇಳಿಸಬೇಕು. ಗೂಡುಗಳ ನಡುವೆ ಒಂದು ಮೀಟರ್ ಅಂತರವಿರಲಿ. ಮರಳಿನ ಬಿಸಿಯೇ ಮರಿಗಳ ಲಿಂಗವನ್ನು ತೀರ್ಮಾನಿಸುತ್ತದೆ: ಸುಮಾರು 29-30 ಡಿಗ್ರಿಗಿಂತ ಹೆಚ್ಚು ಬಿಸಿಯಾದಂತೆ ಹೆಣ್ಣು ಹೆಚ್ಚು, ಅದಕ್ಕಿಂತ ತಂಪಾದಂತೆ ಗಂಡು ಹೆಚ್ಚು, ಬಿಸಿ ಮಿತಿಮೀರಿದರೆ ಗೂಡಿಗೆ ಗೂಡೇ ಬೆಂದು ಸಾಯುತ್ತದೆ. ನಾವು ಜಾಗ ಬದಲಿಸಿದಾಗ ಇದನ್ನೆಲ್ಲ ನಾವೇ ನಿರ್ಧರಿಸಿದಂತಾಗುತ್ತದೆ ಎಂಬ ಅರಿವು ಇರಬೇಕು. ಗಾಳಿಮರದ ಗಾಢ ನೆರಳೂ ಬೇಡ, ಉರಿಬಿಸಿಲೂ ಬೇಡ.

ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ನಲವತ್ತನೆಯ ದಿನದಿಂದ ರಾತ್ರಿಯಿಡೀ ಪಾಳಿಯ ಮೇಲೆ ಕಾವಲಿರಬೇಕು, ಮರಿಗಳು ಸಿಕ್ಕಿಕೊಳ್ಳದಂತೆ ಬಲೆಯನ್ನು ಆಗಾಗ ನೋಡಿಕೊಳ್ಳಬೇಕು. ಗೂಡಿನ ಮೇಲಿನ ಮರಳು ಬಟ್ಟಲಿನಂತೆ ಕುಸಿದರೆ ಮರಿಗಳು ಒಳಗೆ ಮೇಲೇರುತ್ತಿವೆ ಎಂದು ತಿಳಿಯಬೇಕು. ಆಗ ಅಗೆದು 'ಸಹಾಯ' ಮಾಡಬಾರದು. ಮರಳು ತಣ್ಣಗಾದ ಹೊತ್ತಿನಲ್ಲಿ ಅವು ಒಟ್ಟಿಗೆ ಉಕ್ಕಿ ಬರುತ್ತವೆ, ಬೆರಳುದ್ದದ ಕಪ್ಪು ಮರಿಗಳು, ಕಣ್ಣಿನ ಸುತ್ತ ಮರಳು ಮೆತ್ತಿಕೊಂಡು.

ಕೈಯಲ್ಲಿ ಹಿಡಿದು ನೀರಿಗೆ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ, ಅದನ್ನು ತಡೆದುಕೊಳ್ಳಬೇಕು. ಅವು ಮರಳಿನ ಮೇಲೆ ತಾವೇ ನಡೆದು ಅಲೆಯನ್ನು ಸೇರಬೇಕು. ಬೇಲಿಯೊಳಗಿನ ಗೂಡಾದರೆ ನೀರಿನಿಂದ ಹತ್ತು-ಹದಿನೈದು ಮೀಟರ್ ಮೇಲೆ ಬಿಟ್ಟು, ಜನರನ್ನು ಅವುಗಳ ಹಿಂದೆ ನಿಲ್ಲಿಸಬೇಕು. ಅತಿಥಿಗಳು ಬರಲಿ ಎಂದು ಮರಿಗಳನ್ನು ತೊಟ್ಟಿಯಲ್ಲಿ ಸಂಜೆಯವರೆಗೆ ಕೂಡಿಹಾಕುವುದನ್ನು ನಾನು ಒಮ್ಮೆ ಕಂಡಿದ್ದೇನೆ. ಹುಟ್ಟಿದ ಮರಿಯಲ್ಲಿರುವ ಶಕ್ತಿ ಮೊದಲ ಒಂದು ದಿನ ಬಿಡದೆ ಈಜಿ ಆಳದ ಕಡಲು ಸೇರುವುದಕ್ಕೆಂದೇ ಇರುವುದು. ತೊಟ್ಟಿಯ ಗೋಡೆಗೆ ಈಜಿ ಈಜಿ ಅದನ್ನು ಕಳೆದುಕೊಂಡ ಮರಿಗಳು ಆ ಸಂಜೆ ಮೊದಲ ಅಲೆಗೇ ಸೋತು ಹೊರಳುತ್ತಿದ್ದವು. ಹುಟ್ಟಿದ ಕೂಡಲೇ ಬಿಡಬೇಕು, ಹಗಲಾಗಿದ್ದರೆ ತಂಪಾದ ಹಸಿ ಮರಳಿನ ಮೇಲೆ ಗೋಣಿ ಮುಚ್ಚಿಟ್ಟು ಕತ್ತಲಾದೊಡನೆ ಬಿಡಬೇಕು.

ದೀಪಗಳ ವಿಷಯಕ್ಕೆ ಪೂರ್ತಿ ಗಮನ ಕೊಡಬೇಕು. ಮರಿಗಳು ಕತ್ತಲಲ್ಲಿ ಹೆಚ್ಚು ಬೆಳಕಾಗಿ ಕಾಣುವ ದಿಕ್ಕನ್ನೇ ಕಡಲೆಂದು ನಂಬಿ ಹೊರಡುತ್ತವೆ. ದಡದ ಹೋಟೆಲಿನ ಇಲ್ಲವೇ ರಸ್ತೆಯ ದೀಪ ಉರಿಯುತ್ತಿದ್ದರೆ ಅವು ಊರಿನ ಕಡೆಗೇ ತಿರುಗಿ, ಬೆಳಗಾಗುವಾಗ ಕಾಗೆಗೂ ಏಡಿಗೂ ಆಹಾರವಾಗುತ್ತವೆ. ಹಂಗಾಮಿನ ಆರಂಭದಲ್ಲಿಯೇ ಮನೆ ಮನೆಗೆ, ಅಂಗಡಿಗೆ, ಪಂಚಾಯಿತಿಗೆ ಹೋಗಿ ಕಡಲಿನ ಕಡೆಯ ದೀಪಗಳನ್ನು ಆರಿಸಲು ಅಥವಾ ಮರೆ ಮಾಡಲು ಕೇಳಿಕೊಳ್ಳುವುದು, ಹತ್ತು ರಾತ್ರಿಯ ಕಾವಲಿಗಿಂತ ಹೆಚ್ಚು ಫಲ ಕೊಡುತ್ತದೆ.

ದಡಕ್ಕೆ ಬಂದು ಬಿದ್ದ ದೊಡ್ಡ ಆಮೆಯನ್ನು ಕೂಡಲೇ ನೀರಿಗೆ ತಳ್ಳಬಾರದು. ಬಲೆಯಲ್ಲಿ ಉಸಿರುಗಟ್ಟಿದ ಆಮೆ ಸತ್ತಂತೆ ಕಂಡರೂ ಬದುಕಿರಬಹುದು. ಹೊಟ್ಟೆಯ ಮೇಲೆ ಮಲಗಿಸಿ, ಹಿಂಭಾಗವನ್ನು ಗೇಣೆತ್ತರಕ್ಕೆ ಏರಿಸಿ, ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿ ಬಿಟ್ಟರೆ ಎಷ್ಟೋ ಗಂಟೆಗಳ ನಂತರವೂ ಅದು ಚೇತರಿಸಿಕೊಳ್ಳುವುದುಂಟು. ಈ ಮಾತನ್ನು ದೋಣಿಯವರಿಗೆ ತಪ್ಪದೆ ಹೇಳಬೇಕು, ಮತ್ತು ಇಲಾಖೆಗೆ ತಕ್ಷಣ ಕರೆ ಮಾಡಬೇಕು.

ಮರಿಗಳು ಹೋದ ಎರಡು ಮೂರು ದಿನಗಳ ನಂತರ, ಇಲಾಖೆಯವರ ಎದುರಿನಲ್ಲಿ ಗೂಡನ್ನು ತೆರೆದು ಖಾಲಿ ಚಿಪ್ಪು, ಒಡೆಯದ ಮೊಟ್ಟೆ, ಒಳಗೇ ಸತ್ತ ಮರಿಗಳನ್ನು ಬೇರೆ ಬೇರೆಯಾಗಿ ಎಣಿಸಿ, ಮೊಟ್ಟೆಯಿಟ್ಟ ದಿನ ಮತ್ತು ಮರಿಯಾದ ದಿನದ ಜೊತೆಗೆ ಪುಸ್ತಕದಲ್ಲಿ ಬರೆಯಬೇಕು. ಬೇರುಗಳ ನಡುವೆ ಸಿಕ್ಕಿಕೊಂಡ ಒಂದೆರಡು ಮರಿಗಳು ಈ ಹೊತ್ತಿನಲ್ಲಿ ಜೀವಂತ ಸಿಗುವುದೂ ಉಂಟು. ಉಳಿದದ್ದನ್ನು ಮತ್ತೆ ಮರಳಿನಲ್ಲಿ ಹೂಳಿ, ಮಳೆಗಾಲಕ್ಕೆ ಮೊದಲು ಗೂಟ ಬಲೆಗಳನ್ನೆಲ್ಲ ಕಿತ್ತು ತಂದು, ಪುಸ್ತಕದ ಒಂದು ಪ್ರತಿಯನ್ನು ಅರಣ್ಯ ಕಚೇರಿಗೂ ಇನ್ನೊಂದನ್ನು ಊರಿನವರ ಕೈಗೂ ಕೊಡಬೇಕು.