ಹೊರಗೋಡೆ ಪಕ್ಕ ಬಳ್ಳಿ ನೆಡುವ ಮುಂಚೆ

ಹೂವಿನ ಬಣ್ಣ ಆಮೇಲೆ ನೋಡೋಣ. ಬಳ್ಳಿ ಹೇಗೆ ಹತ್ತುತ್ತದೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ. ಶಂಖಪುಷ್ಪ ಆಸರೆಗೆ ಸುತ್ತಿಕೊಳ್ಳುತ್ತದೆ. ಪ್ಯಾಷನ್ ಫ್ರೂಟ್ ಸ್ಪ್ರಿಂಗ್‌ನಂಥ ಎಳೆ ಚಾಚಿ ಹಿಡಿಯುತ್ತದೆ. ಇವೆರಡಕ್ಕೂ ತಂತಿ ಅಥವಾ ಜಾಲರಿ ಬೇಕು, ಗೋಡೆಯ ತಂಟೆಗೆ ಬರೋದಿಲ್ಲ.

ಐವಿ, ಕ್ರೀಪಿಂಗ್ ಫಿಗ್ ಹಾಗಲ್ಲ. ಎಲೆ ಸರಿಸಿ ನೋಡಿ, ಕಾಂಡದುದ್ದಕ್ಕೂ ಕೂದಲಿನಂಥ ಸಣ್ಣ ಬೇರುಗಳು ಗೋಡೆಗೆ ಅಂಟಿರುತ್ತವೆ. ಗಟ್ಟಿ ಗೋಡೆಗೆ ದೊಡ್ಡ ಅಪಾಯವೇನಿಲ್ಲ. ಆದರೆ ಬಿರುಕು ಬಿಟ್ಟ, ಗಾರೆ ಉದುರುವ ಗೋಡೆಯಾದರೆ ಬೇರು ಸಂದಿಗೆ ನುಗ್ಗಿ ಹಾಳು ಜಾಸ್ತಿ ಮಾಡುತ್ತದೆ. ಬಣ್ಣ ಹೊಡೆದ ಗೋಡೆಗಂತೂ ಬೇಡವೇ ಬೇಡ. ಕಿತ್ತ ಮೇಲೂ ಕಲೆ ಉಳಿಯುತ್ತದೆ, ಮತ್ತೆ ಬಣ್ಣ ಹೊಡೆಯುವಾಗ ಬೈದುಕೊಳ್ಳುತ್ತೀರಿ.

ಜಾಲರಿಯನ್ನು ಗೋಡೆಗೆ ಒತ್ತಿ ಹೊಡೆಯಬೇಡಿ. ಮರದ ತುಂಡು ಅಥವಾ ಬ್ರಾಕೆಟ್ ಕೊಟ್ಟು 10 ಸೆಂ.ಮೀ. ಆದರೂ ಅಂತರ ಬಿಡಿ. ಗಾಳಿ ಆಡಿದರೆ ಗೋಡೆ ಬೇಗ ಒಣಗುತ್ತದೆ, ಕತ್ತರಿಸೋಕೂ ಕೈ ಹೋಗುತ್ತದೆ.

ಗಿಡವನ್ನು ಗೋಡೆಯಿಂದ 30-45 ಸೆಂ.ಮೀ. ದೂರ ನೆಟ್ಟು ಜಾಲರಿಯ ಕಡೆಗೆ ಬಾಗಿಸಿ. ಗೋಡೆ ಬುಡಕ್ಕೆ ಮಳೆ ನೀರು ಸರಿಯಾಗಿ ಬೀಳಲ್ಲ, ಅಲ್ವಾ? ಮಳೆಗಾಲದಲ್ಲೂ ಅಲ್ಲಿನ ಮಣ್ಣು ಒಣಗಿರಬಹುದು. ಬೆರಳು ಹಾಕಿ ನೋಡಿ ನೀರು ಕೊಡಿ.

ಕುಡಿಗಳು ಹೆಂಚು, ಕಿಟಕಿ, ಮಳೆನೀರಿನ ಪೈಪ್ ತಲುಪುವ ಮೊದಲೇ ಕತ್ತರಿಸಿ. ಅಂಟಿಕೊಂಡ ಹಳೇ ಬಳ್ಳಿ ತೆಗೆಯಬೇಕಾದರೆ ಹಸಿಯಾಗಿರುವಾಗ ಸುಮ್ನೆ ಎಳೆಯಬೇಡಿ, ಗಾರೆಯೂ ಜೊತೆಗೆ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಪೂರ್ತಿ ಒಣಗಲು ಬಿಟ್ಟು ನಿಧಾನವಾಗಿ ಬಿಡಿಸಿ.