ಒಂದೇ ಅರ್ಥದಂತೆ ಕಾಣುವ ಇಂಗ್ಲಿಷ್ ಪದಗಳು: ನಾನು ಬಿಡಿಸಿಕೊಂಡ ಬಗೆ

ಅನುವಾದ ನನ್ನ ಕೆಲಸ. ಕನ್ನಡದಿಂದ ಇಂಗ್ಲಿಷಿಗೆ ತರುವಾಗ ದೊಡ್ಡ ದೊಡ್ಡ ಪದಗಳು ಅಷ್ಟಾಗಿ ಕಾಡುವುದಿಲ್ಲ. ನಿಘಂಟು ತೆಗೆದರೆ ಸಿಗುತ್ತವೆ. ಕಾಡುವುದು ಎಲ್ಲರಿಗೂ ಗೊತ್ತಿರುವ ಸಣ್ಣ ಪದಗಳೇ. ರಿಫ್ಯೂಸ್, ಡಿನೈ, ರಿಜೆಕ್ಟ್ ಮೂರಕ್ಕೂ ನಿಘಂಟು 'ನಿರಾಕರಿಸು' ಅನ್ನುತ್ತದೆ. ಹಾಗಾದರೆ ಯಾವುದನ್ನು ಎಲ್ಲಿ ಹಾಕುವುದು?

ನಾನು ಕಂಡುಕೊಂಡ ದಾರಿ ಸರಳ. ಪದವನ್ನು ಒಂಟಿಯಾಗಿ ನೋಡಬಾರದು, ಒಂದು ಪೂರ್ತಿ ವಾಕ್ಯದಲ್ಲಿ ಕೂರಿಸಬೇಕು. ಆಮೇಲೆ ಅದನ್ನು ತೆಗೆದು ಅದರ ಜೊತೆಗಾರ ಪದವನ್ನು ಹಾಕಿ ನೋಡಬೇಕು. ವಾಕ್ಯ ಎಲ್ಲಿ ಮುರಿಯುತ್ತದೋ ಅಲ್ಲೇ ವ್ಯತ್ಯಾಸ ಸಿಗುತ್ತದೆ.

'ಹಿ ರಿಫ್ಯೂಸ್ಡ್ ಟು ಗೋ' ಸರಿ. 'ಹಿ ಡಿನೈಡ್ ಟು ಗೋ' ನಿಲ್ಲುವುದಿಲ್ಲ. ಏಕೆಂದರೆ ರಿಫ್ಯೂಸ್ ಅಂದರೆ ಮುಂದೆ ಮಾಡಬೇಕಾದದ್ದಕ್ಕೆ 'ಒಲ್ಲೆ' ಅನ್ನುವುದು. ಡಿನೈ ಅಂದರೆ ಆಗಿದೆ ಅಂತ ಯಾರೋ ಹೇಳಿದ್ದನ್ನು 'ಹಾಗಾಗಿಲ್ಲ' ಅಂತ ಅಲ್ಲಗಳೆಯುವುದು. 'ಹಿ ಡಿನೈಡ್ ಸ್ಟೀಲಿಂಗ್ ದ ಮನಿ', ಅಂದರೆ ಹಣ ಕದ್ದೇ ಇಲ್ಲ ಅಂದ. ರಿಜೆಕ್ಟ್ ಇವೆರಡೂ ಅಲ್ಲ. ಮುಂದಿಟ್ಟದ್ದನ್ನು ನೋಡಿ, ಬೇಡ ಅಂತ ತಳ್ಳಿಹಾಕುವುದು ಅದು. ಅರ್ಜಿ, ಸಲಹೆ, ಕತೆಯ ಹಸ್ತಪ್ರತಿ, ಇವೆಲ್ಲ ರಿಜೆಕ್ಟ್ ಆಗುತ್ತವೆ. ಡಿನೈಗೆ ಇನ್ನೊಂದು ಬಳಕೆಯೂ ಇದೆ: ಒಬ್ಬರಿಗೆ ಸಿಗಬೇಕಾದ ಹಕ್ಕು ಅಥವಾ ಅನುಮತಿ ಸಿಗದ ಹಾಗೆ ಮಾಡುವುದು. ಇದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮೊದಲಿನ ಅರ್ಥಕ್ಕೆ ಕಲಸಿಹೋಗುತ್ತದೆ.

ಗಮನಿಸಿ, ಒಲ್ಲೆ ಅನ್ನು, ಅಲ್ಲಗಳೆ, ತಳ್ಳಿಹಾಕು ಮೂರೂ ಕನ್ನಡದಲ್ಲಿ ಮೊದಲಿಂದಲೂ ಇವೆ. ನಿಘಂಟಿನ ಒಂದು ಪದಕ್ಕೆ ಅಂಟಿಕೊಂಡಾಗ ಮಾತ್ರ ವ್ಯತ್ಯಾಸ ಮಾಯವಾಗುತ್ತದೆ. ಸೀ, ಲುಕ್ ಕೂಡ ಹಾಗೇ. ಎರಡಕ್ಕೂ ಸುಮ್ನೆ 'ನೋಡು' ಅಂತ ಕಲಿತುಬಿಡುತ್ತೇವೆ. ಆದರೆ 'ನೋಡಿದೆ, ಏನೂ ಕಾಣಲಿಲ್ಲ' ಅಂತ ದಿನಾ ಹೇಳುತ್ತೇವೆ ಅಲ್ವಾ? ನೋಡಿದ್ದು ಲುಕ್, ಕಂಡದ್ದು ಸೀ. ಕಣ್ಣು ಕೀಳದೆ ನೋಡುತ್ತಾ ಇರುವುದು ವಾಚ್. ಕಿವಿಯ ವಿಷಯದಲ್ಲೂ ಇದೇ ಕತೆ: ಕೇಳಿಸುವುದು ಹಿಯರ್, ಕಿವಿಗೊಟ್ಟು ಕೇಳುವುದು ಲಿಸನ್. ಅದಕ್ಕೇ ನಾನು ಈಗ ಪದದ ಎದುರು ಅರ್ಥ ಬರೆಯುವುದಿಲ್ಲ, ಒಂದು ಕನ್ನಡ ವಾಕ್ಯ ಬರೆಯುತ್ತೇನೆ.

ಕೆಲವು ಜೋಡಿಗಳಲ್ಲಿ ಮುಂದೆ ಏನು ಬರುತ್ತದೆ ಅಂತ ನೋಡಿದರೆ ಸಾಕು. ಸ್ಟೀಲ್ ಆದಮೇಲೆ ಕಳುವಾದ ವಸ್ತು ಬರುತ್ತದೆ, ರಾಬ್ ಆದಮೇಲೆ ಕಳೆದುಕೊಂಡ ವ್ಯಕ್ತಿ ಅಥವಾ ಜಾಗ ಬರುತ್ತದೆ. ಹಣವನ್ನು ಸ್ಟೀಲ್ ಮಾಡುತ್ತಾರೆ, ಬ್ಯಾಂಕನ್ನು ರಾಬ್ ಮಾಡುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪದಗಳ ಸಹವಾಸ. ಒಂದು ಪದ ಯಾರ ಜೊತೆ ಓಡಾಡುತ್ತದೆ ಅಂತ ನೋಡಿದರೆ ಅದರ ಗುಣ ತಿಳಿಯುತ್ತದೆ ಎಂಬ ಮಾತನ್ನು ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲೇ ಹೇಳಿದ್ದರು. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಸಂಗ್ರಹದಲ್ಲಿ ಸುಮಾರು 10 ಕೋಟಿ ಪದಗಳಷ್ಟು ನಿಜವಾದ ಇಂಗ್ಲಿಷ್ ಬಳಕೆ ಇದೆ. ಇಂಥ ಸಂಗ್ರಹಗಳಲ್ಲಿ ಕಾಸ್ ಎಂಬ ಕ್ರಿಯಾಪದವನ್ನು ಹುಡುಕಿ ನೋಡಿ. ಅದರ ಪಕ್ಕದಲ್ಲಿ ಜಾಸ್ತಿ ಸಿಗುವುದು ಡ್ಯಾಮೇಜ್, ಪ್ರಾಬ್ಲಂ, ಪೇನ್, ಡೆತ್. ಅರ್ಥ 'ಕಾರಣವಾಗು' ಅಷ್ಟೇ ಆದರೂ ಅದರ ಸುತ್ತ ಕೆಡುಕಿನ ನೆರಳಿದೆ. ನಮ್ಮ 'ಎಡೆಮಾಡಿಕೊಡು' ಕೂಡ ಹೀಗೇ. ಗೊಂದಲಕ್ಕೆ ಎಡೆಮಾಡಿಕೊಟ್ಟಿತು ಅನ್ನುತ್ತೇವೆ, ಸಂಭ್ರಮಕ್ಕೆ ಎಡೆಮಾಡಿಕೊಟ್ಟಿತು ಅಂದರೆ ಕಿವಿಗೆ ಒಗ್ಗುವುದಿಲ್ಲ. ಇದನ್ನು ಯಾವ ನಿಘಂಟೂ ನಮಗೆ ಹೇಳಿಕೊಟ್ಟಿಲ್ಲ, ಆದರೂ ಗೊತ್ತು. ಇಂಗ್ಲಿಷಿನಲ್ಲೂ ಆ ಕಿವಿ ಬರಬೇಕೆಂದರೆ ತುಂಬಾ ಓದಬೇಕು, ಬೇರೆ ದಾರಿ ನನಗಂತೂ ಕಂಡಿಲ್ಲ.

ಚರಿತ್ರೆಯೂ ಕೈಹಿಡಿಯುತ್ತದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಫ್ರೆಂಚ್ ಮಾತು ಅಲ್ಲಿನ ಹಳೆಯ ಇಂಗ್ಲಿಷಿನ ಮೇಲೆ ಬಂದು ಕೂತಿತು. ಮುಂದೆ ಲ್ಯಾಟಿನ್ ಪದಗಳೂ ಸೇರಿದವು. ಹಾಗಾಗಿ ಒಂದೇ ಕೆಲಸಕ್ಕೆ ಆಸ್ಕ್, ಕ್ವೆಶ್ಚನ್, ಇಂಟರಾಗೇಟ್ ಅಂತ ಮೂರು ಪದಗಳು. ಕೇಳು, ಪ್ರಶ್ನಿಸು, ವಿಚಾರಣೆಗೆ ಒಳಪಡಿಸು ಅಂದುಕೊಳ್ಳಿ, ತಕ್ಷಣ ತೂಕ ತಿಳಿಯುತ್ತದೆ. ಕನ್ನಡದ 'ನೀರು' ಮತ್ತು ಸಂಸ್ಕೃತದಿಂದ ಬಂದ 'ಜಲ' ಎರಡನ್ನೂ ಬಳಸುವ ನಮಗೆ ಬಿಗಿನ್, ಕಮೆನ್ಸ್ ನಡುವಿನ ದೂರ ಬಿಡಿಸಿ ಹೇಳಬೇಕಿಲ್ಲ.

ಥೆಸಾರಸ್, ಅಂದರೆ ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಕೋಶದ ಬಗ್ಗೆ ಒಂದು ಮಾತು. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಪ್ರಕಟಿಸಿದ ಪದಕೋಶ ಪದಗಳನ್ನು ಅವು ಸೂಚಿಸುವ ವಿಚಾರಗಳ ಪ್ರಕಾರ ಗುಂಪು ಮಾಡಿತು. ಅದ್ಭುತವಾದ ಕೆಲಸ. ಆದರೆ ಅದು ನೆರೆಹೊರೆಯ ಪದಗಳನ್ನು ತೋರಿಸುತ್ತದೆಯೇ ಹೊರತು ಅವುಗಳ ನಡುವಿನ ಗೋಡೆಯನ್ನಲ್ಲ. ಥಿನ್, ಸ್ಲಿಮ್, ಸ್ಕಿನ್ನಿ ಒಂದೇ ಸಾಲಿನಲ್ಲಿ ಸಿಕ್ಕಿದವು ಅಂತ ಯಾವುದೋ ಒಂದನ್ನು ಎತ್ತಿಕೊಂಡರೆ, ಹೊಗಳಲು ಹೊರಟವರು 'ಸಣಕಲು' ಅಂದಂತಾಗುತ್ತದೆ. ಅಲ್ಲಿ ಸಿಕ್ಕ ಪದವನ್ನು ಉದಾಹರಣೆ ವಾಕ್ಯಗಳಿರುವ ಕಲಿಯುವವರ ನಿಘಂಟಿನಲ್ಲಿ ನೋಡಿಯೇ ನಾನು ಬಳಸುವುದು.

ಇಷ್ಟೆಲ್ಲ ಮಾಡಿದರೂ ಕೆಲವು ಜೋಡಿಗಳು ಯಾವ ನಿಯಮಕ್ಕೂ ಪೂರ್ತಿ ಸಿಗುವುದಿಲ್ಲ. ಬಿಗ್ ಮಿಸ್ಟೇಕ್, ಲಾರ್ಜ್ ಅಮೌಂಟ್, ಗ್ರೇಟ್ ಕೇರ್. ಲಾರ್ಜ್ ಮಿಸ್ಟೇಕ್ ಯಾಕೆ ಹೊಂದುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಬದಲು, ಇಂಥವನ್ನು ಬಿಡಿಸದೆ ಜೋಡಿಯಾಗಿಯೇ ಬರೆದಿಟ್ಟುಕೊಳ್ಳುತ್ತೇನೆ.