ಹಳೆಯ ಪತ್ರಿಕೆಗಳಲ್ಲಿ ಮರೆಯಾದ ವಿಜ್ಞಾನ ಕಥೆಗಾರರನ್ನು ಹುಡುಕುವ ಕ್ರಮ

ವಿಜ್ಞಾನ ಕಥೆಗಳನ್ನು ಇಷ್ಟಪಟ್ಟು ಓದುವವರಲ್ಲಿ ಬಹಳ ಮಂದಿ ಅಸಿಮೋವ್, ಕ್ಲಾರ್ಕ್, ಹೈನ್‌ಲೈನ್ ಎಂಬ ಮೂರು ನಾಲ್ಕು ಹೆಸರುಗಳಲ್ಲೇ ನಿಂತುಬಿಡುತ್ತಾರೆ. ಈ ಲೇಖಕರು ಬೆಳೆದದ್ದು ಪತ್ರಿಕೆಗಳ ಪುಟಗಳಲ್ಲಿ; ಅದೇ ಪುಟಗಳಲ್ಲಿ ಅವರ ಜೊತೆಜೊತೆಗೇ ಬರೆದು, ಒಂದು ಪುಸ್ತಕವೂ ಆಗದೆ ಹಿಂದೆ ಉಳಿದವರು ಎಷ್ಟೋ ಮಂದಿ. ತುಮಕೂರಿನಲ್ಲಿದ್ದುಕೊಂಡು ಕೆಲವು ವರ್ಷಗಳಿಂದ ಅಂಥವರನ್ನು ಹುಡುಕಿ ಓದುತ್ತಿರುವ ನಾನು ಕಂಡುಕೊಂಡ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಅದರ ತಿರುಳು ಇಷ್ಟೇ: ಲೇಖಕರ ಹೆಸರು ಹಿಡಿದು ಹೊರಡಬಾರದು, ಸಂಚಿಕೆಯನ್ನು ಇಡಿಯಾಗಿ ಓದಬೇಕು.

ಮೊದಲು ಒಂದು ಪತ್ರಿಕೆ, ಅದರ ಒಂದು ವರ್ಷ ಎಂದು ಮಿತಿ ಹಾಕಿಕೊಳ್ಳಿ. ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ಆರಂಭಿಸಿದ ಅಮೇಜಿಂಗ್ ಸ್ಟೋರೀಸ್, 1930ರ ಜನವರಿಯಲ್ಲಿ ಹೊರಬಂದ ಅಸ್ಟೌಂಡಿಂಗ್, 1939ರಿಂದ 1955ರವರೆಗೆ ನಡೆದ ಪ್ಲಾನೆಟ್ ಸ್ಟೋರೀಸ್, 1950ರಲ್ಲಿ ಶುರುವಾದ ಗ್ಯಾಲಕ್ಸಿ ಮುಂತಾದ ಅಮೆರಿಕದ ಪತ್ರಿಕೆಗಳ ಅನೇಕ ಸಂಚಿಕೆಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ರೂಪದಲ್ಲಿ ಸಿಗುತ್ತವೆ. ಮೊದಲ ದಶಕಗಳ ಪತ್ರಿಕೆಗಳನ್ನು ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಅಚ್ಚು ಹಾಕುತ್ತಿದ್ದರು, ಪಲ್ಪ್ ಎಂಬ ಹೆಸರು ಬಂದದ್ದೂ ಅದರಿಂದಲೇ. ಆ ಕಾಗದದಲ್ಲಿರುವ ಆಮ್ಲ ಅದನ್ನು ಹಳದಿಗಟ್ಟಿಸಿ ಹಪ್ಪಳದಂತೆ ಮುರಿಯುವ ಹಾಗೆ ಮಾಡುತ್ತದೆ. ಸ್ಕ್ಯಾನ್ ಪ್ರತಿಯನ್ನು ಮೊಬೈಲಿನಲ್ಲಿ ಓದುವುದು ಕಷ್ಟ, ಏಕೆಂದರೆ ಪುಟಗಳು ಎರಡೆರಡು ಕಾಲಮ್ಮುಗಳಲ್ಲಿವೆ. ಕಂಪ್ಯೂಟರಿನಲ್ಲಿ ಓದಿದರೆ ಕಣ್ಣಿಗೆ ಹಿತ.

ಸಂಚಿಕೆ ತೆರೆದ ಕೂಡಲೇ ಪರಿವಿಡಿಯನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡು, ನಿಮಗೆ ಮೊದಲೇ ಗೊತ್ತಿರುವ ಹೆಸರುಗಳ ಮುಂದೆ ಗೆರೆ ಎಳೆಯಿರಿ. ಉಳಿದವುಗಳನ್ನು ಮೊದಲು ಓದಿ. ಮುಖಪುಟದ ಚಿತ್ರ ಯಾವ ಕಥೆಗೆ ಸಿಕ್ಕಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅಸ್ಟೌಂಡಿಂಗ್ ಓದುವವರಿಗೆ ಇನ್ನೊಂದು ಅನುಕೂಲವಿದೆ. ಸಂಪಾದಕ ಜಾನ್ ಕ್ಯಾಂಪ್‌ಬೆಲ್ 1938ರಿಂದ ‘ಅನಲಿಟಿಕಲ್ ಲ್ಯಾಬೊರೇಟರಿ’ ಎಂಬ ಅಂಕಣದಲ್ಲಿ, ಹಿಂದಿನ ಸಂಚಿಕೆಯೊಂದರ ಕಥೆಗಳಿಗೆ ಓದುಗರು ಕೊಟ್ಟ ಸ್ಥಾನಗಳ ಸರಾಸರಿಯನ್ನು ಪ್ರಕಟಿಸುತ್ತಿದ್ದರು. ಮೊದಲ ಸ್ಥಾನ ಪಡೆದ ಕಥೆಗಳು ಸಂಕಲನಗಳಿಗೆ ಸುಲಭವಾಗಿ ಸೇರಿಕೊಂಡವು. ನನ್ನ ಅನುಭವದಲ್ಲಿ ಹುಡುಕಬೇಕಾದದ್ದು ಮೂರನೆಯ, ನಾಲ್ಕನೆಯ ಸ್ಥಾನಗಳಲ್ಲಿ.

ಸಂಚಿಕೆಯನ್ನು ಇಡಿಯಾಗಿ ಓದುವುದರಿಂದ ಏನಾಗುತ್ತದೆ ಎಂಬುದಕ್ಕೆ ಕಾರ್ಡ್‌ವೇನರ್ ಸ್ಮಿತ್ ಎಂಬ ಹೆಸರಿನ ಹಿಂದಿನ ಘಟನೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಕ್ಯಾಂಪ್‌ಬೆಲ್ ಅವರೇ ಹಿಂದಿರುಗಿಸಿದ್ದ ಅವರ ಕಥೆಯೊಂದು 1950ರಲ್ಲಿ ಫ್ಯಾಂಟಸಿ ಬುಕ್ ಎಂಬ, ಹೆಚ್ಚು ಜನ ನೋಡದ ಸಣ್ಣ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಸಂಚಿಕೆಯಲ್ಲಿ ಫ್ರೆಡರಿಕ್ ಪೋಲ್ ಅವರದೂ ಒಂದು ಕಥೆ ಗುಪ್ತನಾಮದಲ್ಲಿ ಬಂದಿತ್ತು; ತಮ್ಮ ಕಥೆಯ ನೆರೆಯಲ್ಲಿದ್ದುದನ್ನು ಓದಿ ಬೆರಗಾದ ಅವರು ಅದನ್ನು 1952ರಲ್ಲಿ ತಾವು ಸಂಪಾದಿಸಿದ ಸಂಕಲನಕ್ಕೆ ಸೇರಿಸಿದರು. ಸ್ಮಿತ್ ಎಂಬುವರು ಪಾಲ್ ಲೈನ್‌ಬಾರ್ಗರ್ ಎಂಬ, ಪೂರ್ವ ಏಷ್ಯಾದ ರಾಜಕೀಯವನ್ನು ಅಧ್ಯಯನ ಮಾಡಿದ ವಿದ್ವಾಂಸರು ಎಂಬುದು ಓದುಗರಿಗೆ ತಿಳಿಯಲು ವರ್ಷಗಳೇ ಹಿಡಿದವು.

ಹೆಸರುಗಳ ವಿಚಾರದಲ್ಲಿ ಅವಸರ ಸಲ್ಲದು. ಹಿಡಿಸಿದ ಕಥೆಯ ಲೇಖಕರ ಹೆಸರನ್ನು ಐಎಸ್‌ಎಫ್‌ಡಿಬಿ ಎಂಬ ಅಂತರ್ಜಾಲದ ಗ್ರಂಥಸೂಚಿಯಲ್ಲಿ ಹಾಕಿ ನೋಡಿದರೆ, ಅವರು ಬೇರೆ ಎಲ್ಲೆಲ್ಲಿ ಬರೆದಿದ್ದಾರೆ, ಅದು ಗುಪ್ತನಾಮವೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. 1941ರ ಅಸ್ಟೌಂಡಿಂಗ್‌ನಲ್ಲಿ ಆನ್ಸನ್ ಮ್ಯಾಕ್‌ಡೊನಾಲ್ಡ್ ಎಂಬ ‘ಅಪರಿಚಿತ’ ಸಿಕ್ಕರೆ ಹಿಗ್ಗಬೇಡಿ, ಅವರು ಹೈನ್‌ಲೈನ್ ಅವರೇ. ಲೂಯಿಸ್ ಪ್ಯಾಜೆಟ್ ಎಂಬುದು ಹೆನ್ರಿ ಕಟ್ನರ್ ಮತ್ತು ಸಿ. ಎಲ್. ಮೂರ್ ದಂಪತಿ ಬಳಸುತ್ತಿದ್ದ ಹೆಸರು. ಕೆಲವು ಹೆಸರುಗಳಂತೂ ಪತ್ರಿಕೆಯವರದೇ ಆಗಿದ್ದು, ಅವುಗಳಡಿ ಹಲವರು ಬರೆದಿದ್ದಾರೆ. ಇನಿಷಿಯಲ್ಲುಗಳ ಹಿಂದೆ ಹೆಣ್ಣುಮಕ್ಕಳು ಅಡಗಿದ್ದರು ಎಂದು ಹೇಳುವುದು ರೂಢಿ. ಆದರೆ ಮೂರ್ ಅವರು ಇನಿಷಿಯಲ್ ಬಳಸಿದ್ದು, ತಾವು ಕೆಲಸ ಮಾಡುತ್ತಿದ್ದ ಬ್ಯಾಂಕಿನವರಿಗೆ ಈ ಸಂಪಾದನೆ ತಿಳಿಯಬಾರದೆಂದು. ಒಬ್ಬೊಬ್ಬರ ಕಾರಣವನ್ನೂ ಪ್ರತ್ಯೇಕವಾಗಿಯೇ ತಿಳಿಯಬೇಕು.

ಓದುಗರ ಪತ್ರಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಕ್ಲೇರ್ ವಿಂಗರ್ ಹ್ಯಾರಿಸ್ ಅವರನ್ನು ನಾನು ಸರಿಯಾಗಿ ಅರಿತದ್ದು ಅಲ್ಲಿಯೇ. 1927ರ ಜೂನ್ ತಿಂಗಳ ಅಮೇಜಿಂಗ್ ಸ್ಟೋರೀಸ್‌ನಲ್ಲಿ, ಸ್ಪರ್ಧೆಯಲ್ಲಿ ಮೂರನೆಯ ಬಹುಮಾನ ಪಡೆದ ಅವರ ಕಥೆ ಬಂತು. ಇಂಥ ಪತ್ರಿಕೆಗಳಲ್ಲಿ ತಮ್ಮ ಸ್ವಂತ ಹೆಸರಿನಲ್ಲೇ ಬರೆದ ಮೊದಲ ಮಹಿಳೆ ಅವರು. ಕೆಲವೇ ಕಥೆಗಳನ್ನು ಬರೆದು ನಿಲ್ಲಿಸಿದರು. ಆದರೆ 1931ರ ಆಗಸ್ಟ್ ತಿಂಗಳ ವಂಡರ್ ಸ್ಟೋರೀಸ್‌ನ ಪತ್ರಗಳ ವಿಭಾಗದಲ್ಲಿ, ವಿಜ್ಞಾನ ಕಥೆಗಳ ವಸ್ತುಗಳನ್ನು 16 ಬಗೆಗಳಾಗಿ ವಿಂಗಡಿಸಿದ ಅವರ ಪತ್ರವಿದೆ. ಈ ಪ್ರಕಾರದ ಬಗ್ಗೆ ವಿಮರ್ಶೆ ಎಂಬುದೇ ಹುಟ್ಟುತ್ತಿದ್ದ ಕಾಲದಲ್ಲಿ ಆಕೆ ಅಷ್ಟು ವ್ಯವಸ್ಥಿತವಾಗಿ ಯೋಚಿಸುತ್ತಿದ್ದರು.

ಮರೆತುಹೋದವರೆಲ್ಲ ದೊಡ್ಡ ಲೇಖಕರಲ್ಲ ಎಂಬುದನ್ನೂ ಹೇಳಬೇಕು. ಆ ಕಾಲದ ಕಥೆಗಳಲ್ಲಿ ಏಷ್ಯಾದವರನ್ನು ಕೀಳಾಗಿ ಚಿತ್ರಿಸಿದ ಭಾಗಗಳು ಎದುರಾಗುತ್ತವೆ, ವಿಜ್ಞಾನವೂ ಹಳತಾಗಿರುತ್ತದೆ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಅದೇ ಸಂಚಿಕೆಯ ಬೇರೆ ಯಾರೂ ಮಾಡದ ಯಾವುದನ್ನಾದರೂ ಈ ಲೇಖಕರು ಮಾಡಿದ್ದಾರೆಯೇ? ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಓದಿದಾಗಲೂ ಹೌದು ಎನ್ನಿಸಿದರೆ ಆ ಹೆಸರನ್ನು ನೋಟ್‌ಬುಕ್ಕಿನ ಹೊಸ ಪುಟಕ್ಕೆ ಏರಿಸುತ್ತೇನೆ.

ಇದೇ ಕ್ರಮವನ್ನು ಕನ್ನಡಕ್ಕೆ ಅನ್ವಯಿಸುವಾಗ ಕೆಲಸ ಹೆಚ್ಚುತ್ತದೆ, ಬೆಲೆಯೂ ಹೆಚ್ಚುತ್ತದೆ. ನಮ್ಮಲ್ಲಿ ವಿಜ್ಞಾನ ಕಥೆ ಎಂದೊಡನೆ ರಾಜಶೇಖರ ಭೂಸನೂರಮಠ ಅವರ ಹೆಸರು ನೆನಪಾಗುತ್ತದೆ. ಆದರೆ ಸುಧಾ, ಮಯೂರ, ಕಸ್ತೂರಿ, ತುಷಾರ, ತರಂಗ ಮತ್ತು ದೀಪಾವಳಿ ವಿಶೇಷಾಂಕಗಳಲ್ಲಿ ಸಾಮಾಜಿಕ ಕಥೆಗಳ ನಡುವೆ ಒಂದೋ ಎರಡೋ ವಿಜ್ಞಾನ ಕಥೆ ಬರೆದು ಸುಮ್ಮನಾದವರನ್ನು ಹುಡುಕಲು ನಿಮ್ಮ ನೋಟ್‌ಬುಕ್ಕೇ ಗ್ರಂಥಸೂಚಿ. ಗ್ರಂಥಾಲಯಗಳಲ್ಲಿ ರಟ್ಟು ಹಾಕಿಸಿಟ್ಟ ಸಂಪುಟಗಳನ್ನು ಕೇಳಿ. ಬೈಂಡಿಂಗ್ ಮಾಡುವಾಗ ಮುಖಪುಟಗಳನ್ನು ತೆಗೆದುಹಾಕಿರುವುದುಂಟು, ಆಗ ತಾರೀಖನ್ನು ಒಳಪುಟದಲ್ಲಿ ನೋಡಬೇಕು. ಹಳೆಯ ಪೇಪರ್ ಅಂಗಡಿಯವರಿಗೆ, ಹಳೆಯ ಪತ್ರಿಕೆಗಳು ಕಟ್ಟಾಗಿ ಬಂದರೆ ಬಿಚ್ಚದೆ ಇಡಿ ಎಂದು ಹೇಳಿಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಅಟ್ಟ ಹತ್ತಿ ನೋಡಿ. ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕಿತ್ತು ಜೋಡಿಸಿಡುವ ಅಭ್ಯಾಸ ನಮ್ಮ ಮನೆಗಳ ಹೆಂಗಸರಿಗಿತ್ತು. ಚಿಕ್ಕನಾಯಕನಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನ ಮನೆಯಲ್ಲಿ, ದಬ್ಬಣದಿಂದ ಹೊಲಿದು ಮದುವೆ ಕಾರ್ಡಿನ ರಟ್ಟು ಅಂಟಿಸಿದ ಅಂಥದೊಂದು ಕಟ್ಟು ಸಿಕ್ಕಿತು. ಧಾರಾವಾಹಿಯ ಕೊನೆಯ ಕಾಲಮ್ಮಿನ ಹಿಂಬದಿಯಲ್ಲಿ, ಮಳೆಯನ್ನು ಲೆಕ್ಕ ಹಾಕಿ ಹಂಚುವ ಯಂತ್ರವೊಂದರ ಕಥೆಯ ಕೊನೆಯ ಅರ್ಧ ಮಾತ್ರ ಉಳಿದಿತ್ತು. ಯಂತ್ರದ ಮುಂದೆ ಖಾಲಿ ಕೊಡ ಹಿಡಿದು ಸರತಿಯಲ್ಲಿ ನಿಂತ ಮುದುಕಿ, ತನ್ನ ಪಾಲಿನ ಮಳೆಯನ್ನು ಪಕ್ಕದ ಹೊಲಕ್ಕೆ ಬರೆದುಕೊಡುತ್ತಾಳೆ. ಲೇಖಕರ ಹೆಸರಿದ್ದ ಪುಟ ಇರಲಿಲ್ಲ.

ಇಂಥ ಅರ್ಧ ಹಾಳೆಯ ಮೂಲವನ್ನು ಕಂಡುಹಿಡಿಯುವ ದಾರಿ ಹೀಗಿದೆ. ಮುಂಬದಿಯಲ್ಲಿರುವ ಧಾರಾವಾಹಿಯ ಕಂತಿನ ಸಂಖ್ಯೆಯನ್ನು ಬರೆದುಕೊಳ್ಳಿ. ಗ್ರಂಥಾಲಯದ ಸಂಪುಟಗಳಲ್ಲಿ ಆ ಧಾರಾವಾಹಿಯ ಮೊದಲ ಕಂತು ಬಂದ ವಾರವನ್ನು ಪತ್ತೆಮಾಡಿ, ಅಲ್ಲಿಂದ ವಾರಗಳನ್ನು ಎಣಿಸಿ. ನಡುವೆ ಕಂತು ತಪ್ಪಿದ ವಾರಗಳಿರಬಹುದಾದ್ದರಿಂದ ಒಂದೆರಡು ಸಂಚಿಕೆ ಹಿಂದೆ ಮುಂದೆ ನೋಡಿ, ಪುಟಸಂಖ್ಯೆಯನ್ನೂ ಜಾಹೀರಾತನ್ನೂ ತಾಳೆ ನೋಡಿ ಖಚಿತಪಡಿಸಿಕೊಳ್ಳಿ. ಹಾಳೆಗಳನ್ನು ಪೂರ್ತಿ ಅಗಲಿಸಿ ಒತ್ತಬೇಡಿ, ತುಕ್ಕು ಹಿಡಿದ ಪಿನ್ನನ್ನು ಎಳೆಯಬೇಡಿ. ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದುಕೊಂಡರೆ ಸಾಕು.

ಸಿಕ್ಕ ಕಥೆಯನ್ನು ಮರುಮುದ್ರಿಸುವ ಆಸೆಯಾದರೆ ಹಕ್ಕನ್ನು ವಿಚಾರಿಸಲೇಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಮನೆಯವರನ್ನು ಹುಡುಕಿಕೊಂಡು ಹೋಗುವಾಗ ಕಥೆಯ ಒಂದು ಪ್ರತಿಯನ್ನು ಅವರಿಗೆಂದೇ ಕೊಂಡೊಯ್ಯಿರಿ. ಮನೆಯಲ್ಲಿ ಅದು ಉಳಿದಿರದಿರುವ ಸಂಭವವೇ ಹೆಚ್ಚು.

ದೊಡ್ಡಮ್ಮನ ಕಟ್ಟಿನ ಆ ಕಥೆಯ ಮೊದಲ ಪುಟ ನನಗೆ ನಾಲ್ಕನೆಯ ಭೇಟಿಯಲ್ಲಿ ಸಿಕ್ಕಿತು. ಶೀರ್ಷಿಕೆಯ ಕೆಳಗೆ ಒಬ್ಬ ಮಹಿಳೆಯ ಹೆಸರು, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಮಧುಗಿರಿ ಎಂದು ಊರು. ಅದೇ ಹೆಸರಿನಲ್ಲಿ ಮುಂದಿನ ವರ್ಷದ ಸಂಪುಟದಲ್ಲಿ ಮತ್ತೊಂದು ಕಥೆ ಇದೆ. ಮೂರನೆಯದಕ್ಕಾಗಿ ಈಗ ವಿಶೇಷಾಂಕಗಳನ್ನು ಒಂದೊಂದಾಗಿ ತೆಗೆಸಿ ನೋಡುತ್ತಿದ್ದೇನೆ.